ಮನೆಯ ಕುಂಬಾರಿಕೆ ಕೋಣೆಯಲ್ಲಿ ಸಿಲಿಕಾ ದೂಳನ್ನು ಹತೋಟಿಯಲ್ಲಿಡುವ ಕ್ರಮ

ತಿಗರಿಯ ಮೇಲೆ ಮಡಕೆ ಎತ್ತುವಾಗ ದೂಳು ಏಳುವುದಿಲ್ಲ. ಮಣ್ಣು ಹಸಿಯಾಗಿರುವಷ್ಟು ಹೊತ್ತು ಅದರೊಳಗಿನ ಕಣಗಳು ಗಾಳಿಗೆ ಸೇರುವುದಿಲ್ಲ. ಅಪಾಯ ಶುರುವಾಗುವುದು ಕೆಲಸ ಮುಗಿದ ಮೇಲೆ. ತಿಗರಿಯ ಸುತ್ತ ಬಿದ್ದ ಮಣ್ಣಿನ ಚೂರುಗಳು ರಾತ್ರಿಯೊಳಗೆ ಒಣಗುತ್ತವೆ, ಓಡಾಡುವವರ ಕಾಲಡಿಯಲ್ಲಿ ಪುಡಿಯಾಗುತ್ತವೆ, ಮರುದಿನ ಪೊರಕೆ ತಾಗಿದಾಗ ಆ ಪುಡಿ ಉಸಿರಾಡುವ ಎತ್ತರಕ್ಕೆ ಏರುತ್ತದೆ. ಆದ್ದರಿಂದ ಮನೆಯ ಒಂದು ಕೋಣೆ, ಬಾಲ್ಕನಿ ಅಥವಾ ಕಾರ್ ಶೆಡ್ಡನ್ನು ಕುಂಬಾರಿಕೆಗೆ ಬಿಟ್ಟುಕೊಂಡವರು ಗಾಳಿ ಶುದ್ಧೀಕರಿಸುವ ಯಂತ್ರಕ್ಕೋ ಮಾಸ್ಕಿಗೋ ಹಣ ಹಾಕುವ ಮೊದಲು, ತಮ್ಮಲ್ಲಿ ಮಣ್ಣು ಎಲ್ಲೆಲ್ಲಿ ಒಣಗಿ ಪುಡಿಯಾಗುತ್ತಿದೆ ಎಂಬುದನ್ನು ಪತ್ತೆಮಾಡಿ, ಅಲ್ಲಿಯೇ ಅದನ್ನು ತಡೆಯುವುದು ಸರಿಯಾದ ಕ್ರಮ.

"ಮಣ್ಣು ತಾನೇ, ಅದರಿಂದ ಏನಾಗುತ್ತದೆ" ಎಂದು ಕೇಳುವವರು ಬಹಳ ಮಂದಿ. ಕುಂಬಾರಿಕೆಯ ಮಣ್ಣಿನಲ್ಲಿ ಜೇಡಿಯ ಜೊತೆಗೆ ಬೆಣಚುಕಲ್ಲಿನ ಅತಿ ಸಣ್ಣ ಪುಡಿಯೂ ಇರುತ್ತದೆ. ಇದೇ ಸ್ಫಟಿಕ ರೂಪದ ಸಿಲಿಕಾ. ಕೆರೆಯ ಮಣ್ಣಿನಲ್ಲಿ ಇದು ಸಹಜವಾಗಿಯೇ ಇರುತ್ತದೆ. ಹೆಚ್ಚಿನ ಶಾಖದಲ್ಲಿ ಸುಡುವ ಸ್ಟೋನ್‌ವೇರ್ ಮತ್ತು ಪಿಂಗಾಣಿಯ ಮಣ್ಣಿಗೆ ಬೇಕೆಂದೇ ಈ ಬೆಣಚುಕಲ್ಲಿನ, ಅಂದರೆ ಕ್ವಾರ್ಟ್ಜ್‌ನ, ಪುಡಿಯನ್ನು ಬೆರೆಸಲಾಗುತ್ತದೆ. ಮಡಕೆಗೆ ಗಾಜಿನಂಥ ಹೊಳಪು ಕೊಡುವ ಲೇಪಗಳಾದ ಗ್ಲೇಜ್‌ಗಳಲ್ಲಂತೂ ಅದು ಮುಖ್ಯ ಪದಾರ್ಥಗಳಲ್ಲೊಂದು. ದಪ್ಪ ಕಣಗಳನ್ನು ಮೂಗು ಮತ್ತು ಗಂಟಲು ತಡೆಹಿಡಿಯುತ್ತವೆ. ಐದು ಮೈಕ್ರಾನ್‌ಗಿಂತ ಸಣ್ಣ ಕಣಗಳು, ಅಂದರೆ ತಲೆಗೂದಲಿನ ದಪ್ಪದ ಹತ್ತನೆಯ ಒಂದು ಭಾಗಕ್ಕಿಂತಲೂ ಚಿಕ್ಕವು, ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿಯುತ್ತವೆ. ದೇಹದ ರಕ್ಷಕ ಜೀವಕೋಶಗಳು ಅವನ್ನು ನುಂಗಿದರೂ ಜೀರ್ಣಿಸಿಕೊಳ್ಳಲಾರದೆ ಸಾಯುತ್ತವೆ. ಆ ಜಾಗದಲ್ಲಿ ಉರಿಯೂತ ಉಂಟಾಗಿ ಗಾಯದ ಕಲೆಯಂಥ ಗಂಟುಗಳು ಬೆಳೆಯುತ್ತವೆ. ಸಿಲಿಕೋಸಿಸ್ ಎಂಬ ಈ ಕಾಯಿಲೆ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಮೀರಿದ ಒಡನಾಟದ ಬಳಿಕ ಕಾಣಿಸಿಕೊಳ್ಳುತ್ತದೆ ಮತ್ತು ಅದನ್ನು ಗುಣಪಡಿಸುವ ಔಷಧ ಇಲ್ಲ. ಕ್ಷಯರೋಗ ತಗಲುವ ಸಾಧ್ಯತೆಯನ್ನೂ ಅದು ಹೆಚ್ಚಿಸುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಉಸಿರಿನ ಮೂಲಕ ಒಳಹೋಗುವ ಸ್ಫಟಿಕ ಸಿಲಿಕಾವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತು. ಈ ಕಾಯಿಲೆ ಕರ್ನಾಟಕಕ್ಕೆ ಹೊಸದೂ ಅಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ.

ಎಷ್ಟು ದೂಳು ಹೆಚ್ಚು ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಇಲಾಖೆ 2016ರಲ್ಲಿ ನಿಗದಿಪಡಿಸಿದ ಮಿತಿಯ ಪ್ರಕಾರ, ಎಂಟು ಗಂಟೆಯ ಕೆಲಸದ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಸೂಕ್ಷ್ಮ ಸಿಲಿಕಾ 50 ಮೈಕ್ರೋಗ್ರಾಂ ಮೀರಬಾರದು. ಹತ್ತು ಅಡಿಗೆ ಹದಿಮೂರು ಅಡಿಯ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 37 ಘನ ಮೀಟರ್ ಗಾಳಿ ಹಿಡಿಯುತ್ತದೆ. ಅಷ್ಟೂ ಗಾಳಿ ಆ ಮಿತಿಯನ್ನು ಮುಟ್ಟಲು ಎರಡು ಮಿಲಿಗ್ರಾಂಗಿಂತ ಕಡಿಮೆ ಸಿಲಿಕಾ ಸಾಕು, ಅಂದರೆ ಒಂದು ಸಕ್ಕರೆ ಹರಳಿನಷ್ಟು ತೂಕ. ವಾರಕ್ಕೊಮ್ಮೆ ಎರಡು ತಾಸು ಮಡಕೆ ಮಾಡುವವರಿಗೆ ಕಾರ್ಖಾನೆಯ ಕಾರ್ಮಿಕರಷ್ಟು ಅಪಾಯ ಇಲ್ಲ, ನಿಜ. ಆದರೆ ಕಾರ್ಖಾನೆಯವರು ಸಂಜೆ ಆ ಗಾಳಿಯನ್ನು ಬಿಟ್ಟು ಮನೆಗೆ ಹೋಗುತ್ತಾರೆ. ಇಲ್ಲಿ ಅದೇ ಮನೆಯಲ್ಲಿ ಮಕ್ಕಳು ಓದುತ್ತಾರೆ, ಹಿರಿಯರು ಮಲಗುತ್ತಾರೆ.

ಪರಿಹಾರ ಮಾತ್ರ ಬಹಳ ಹಳೆಯದು. ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್‌ನ ಕುಂಬಾರಿಕೆಗಾಗಿ ಚಕಮಕಿ ಕಲ್ಲನ್ನು ಒಣದಾಗಿ ಪುಡಿಮಾಡುತ್ತಿದ್ದವರು ಎರಡು ವರ್ಷಕ್ಕಿಂತ ಹೆಚ್ಚು ಬದುಕುವುದು ಕಷ್ಟ ಎಂಬ ಕಾರಣವನ್ನೇ ಮುಂದಿಟ್ಟು, ಥಾಮಸ್ ಬೆನ್ಸನ್ ಎಂಬಾತ 1726ರಲ್ಲಿ ಆ ಕಲ್ಲನ್ನು ನೀರಿನೊಂದಿಗೆ ಅರೆಯುವ ವಿಧಾನಕ್ಕೆ ಪೇಟೆಂಟ್ ಪಡೆದನು. ಮನೆಯ ಕೋಣೆಗೂ ಮುಖ್ಯ ಉಪಾಯ ಅದೇ: ಒಣಗಿದ್ದನ್ನು ಒಣದಾಗಿ ಮುಟ್ಟಬಾರದು.

ನೆಲ

ಕುಂಬಾರಿಕೆ ಕೋಣೆಗೆ ಪೊರಕೆ ಬರಬಾರದು. ಈ ಒಂದು ನಿಯಮವನ್ನು ಪಾಲಿಸಿದರೂ ಸಾಕು, ದೂಳಿನ ದೊಡ್ಡ ಪಾಲು ತಪ್ಪುತ್ತದೆ. ಪೊರಕೆಯಿಂದ ಕಣ್ಣಿಗೆ ಕಾಣುವ ಚೂರುಗಳು ಮೊರಕ್ಕೆ ಸೇರುತ್ತವೆ, ಕಾಣದ ಕಣಗಳು ಗಾಳಿಗೆ ಸೇರುತ್ತವೆ. ಒಂದು ಮೈಕ್ರಾನ್ ಅಳತೆಯ ಕ್ವಾರ್ಟ್ಜ್ ಕಣವು ಅಲುಗಾಡದ ಗಾಳಿಯಲ್ಲಿ ಮನುಷ್ಯನ ಮೂಗಿನ ಎತ್ತರದಿಂದ ನೆಲಕ್ಕೆ ಇಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಗುಡಿಸಿದ ಅರ್ಧ ಗಂಟೆಯಲ್ಲಿ ಕೋಣೆ ಸ್ವಚ್ಛವಾದಂತೆ ಕಂಡರೂ, ಶ್ವಾಸಕೋಶಕ್ಕೆ ಹಾನಿ ಮಾಡುವ ಭಾಗ ಇನ್ನೂ ತೇಲುತ್ತಲೇ ಇರುತ್ತದೆ.

ಗುಡಿಸುವ ಬದಲು ನೆಲವನ್ನು ಒರೆಸಬೇಕು, ಅದೂ ಕೆಲಸ ಮುಗಿದ ಕೂಡಲೇ, ಚೂರುಗಳು ಇನ್ನೂ ಒದ್ದೆಯಾಗಿರುವಾಗಲೇ. ಬೆಂಗಳೂರಿನ ಮಾರ್ಚ್ ತಿಂಗಳಲ್ಲಿ ಮಧ್ಯಾಹ್ನ ಬಿದ್ದ ಮಣ್ಣು ಸಂಜೆಯ ಹೊತ್ತಿಗೆ ಪುಡಿಯಾಗಿರುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಅದೇ ಮಣ್ಣು ಮರುದಿನವೂ ಒದ್ದೆಯಾಗಿರಬಹುದು. ಆದ್ದರಿಂದ ಗಡಿಯಾರಕ್ಕಿಂತ ಹವೆಯನ್ನು ನೋಡಿ ನಡೆಯುವುದು ಲೇಸು. ಮೊದಲು ದೊಡ್ಡ ಚೂರುಗಳನ್ನು ಕೈಯಿಂದ ಅಥವಾ ರಬ್ಬರ್ ಪಟ್ಟಿಯ ವೈಪರ್‌ನಿಂದ ಒಟ್ಟುಮಾಡಿ ಬಕೆಟ್ಟಿಗೆ ಹಾಕಬೇಕು. ಈಗಾಗಲೇ ಒಣಗಿದ್ದರೆ ಸ್ಪ್ರೇ ಬಾಟಲಿಯಿಂದ ಸಣ್ಣಗೆ ನೀರು ಸಿಂಪಡಿಸಿ, ಮಣ್ಣಿನ ಬಣ್ಣ ಕಪ್ಪಾಗುವವರೆಗೆ ಒಂದೆರಡು ನಿಮಿಷ ಕಾದು, ಅನಂತರ ಎಳೆಯಬೇಕು. ಬಕೆಟ್ಟಿನಿಂದ ನೀರನ್ನು ರಪ್ಪನೆ ಎರಚಿದರೆ ಆ ಹೊಡೆತಕ್ಕೇ ದೂಳು ಏಳುತ್ತದೆ.

ಒರೆಸಲು ಎರಡು ಬಕೆಟ್ ಬೇಕು: ಒಂದರಲ್ಲಿ ಬಟ್ಟೆ ಹಿಂಡುವುದು, ಇನ್ನೊಂದರಲ್ಲಿ ಶುದ್ಧ ನೀರು. ಒಂದೇ ಬಕೆಟ್ಟಿನ ಕೆಸರು ನೀರಿನಲ್ಲಿ ಇಡೀ ಕೋಣೆ ಒರೆಸಿದರೆ, ಮೂಲೆಯಲ್ಲಿದ್ದ ಮಣ್ಣನ್ನು ತೆಳ್ಳಗೆ ಎಲ್ಲೆಡೆ ಸಾರಿಸಿದಂತಾಗುತ್ತದೆ. ನೆಲ ಒಣಗಿದ ಮೇಲೆ ಬಿಳಿಯ ಮಬ್ಬು ಪೊರೆ ಉಳಿದಿದ್ದರೆ ಹಾಗೆಯೇ ಆಗಿದೆ ಎಂದು ತಿಳಿಯಬೇಕು. ಶುದ್ಧ ನೀರಿನಲ್ಲಿ ಮತ್ತೊಮ್ಮೆ ಒರೆಸಬೇಕು. ಒರೆಸಿದ ಬಟ್ಟೆಯನ್ನು ಬಿಸಿಲಿಗೆ ಹಾಕಿ ಒಣಗಿಸಿ ಮರುದಿನ ಕೊಡವುವುದು ಮಾಡಿದ ಕೆಲಸವನ್ನೆಲ್ಲ ವ್ಯರ್ಥಗೊಳಿಸುತ್ತದೆ. ಅದನ್ನು ಬಕೆಟ್ಟಿನಲ್ಲಿ ಜಾಲಿಸಿ ತೊಳೆದೇ ಒಣಹಾಕಬೇಕು.

ಕೋಣೆಯ ನೆಲ ನಯವಾಗಿರಬೇಕು. ರೆಡ್ ಆಕ್ಸೈಡ್, ಮೊಸಾಯಿಕ್, ವಿಟ್ರಿಫೈಡ್ ಟೈಲ್ಸ್ ಯಾವುದಾದರೂ ಸರಿ. ಒರಟು ಸಿಮೆಂಟ್ ನೆಲದ ಸಣ್ಣ ಗುಳಿಗಳಲ್ಲಿ ಮಣ್ಣು ಕೂರುತ್ತದೆ. ಅಂಥ ನೆಲಕ್ಕೆ ಪೇಂಟ್ ಬಳಿಯುವುದು ಅಥವಾ ಒಂದೇ ತುಂಡಿನ ವಿನೈಲ್ ಹಾಸುವುದು ಒಳ್ಳೆಯದು. ಚಾಪೆ, ಜಮಖಾನ, ಗೋಣಿಚೀಲ ಯಾವುದೂ ಅಲ್ಲಿ ಬೇಡ.

ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಪೊರಕೆಗಿಂತಲೂ ಕೆಟ್ಟದ್ದು ಎಂದರೆ ಅತಿಶಯೋಕ್ತಿಯಲ್ಲ, ಏಕೆಂದರೆ ಅದರ ಚೀಲ ದಪ್ಪ ಕಣಗಳನ್ನು ಉಳಿಸಿಕೊಂಡು ಸೂಕ್ಷ್ಮ ಕಣಗಳನ್ನು ಹಿಂದಿನಿಂದ ರಭಸವಾಗಿ ಕೋಣೆಗೇ ಊದುತ್ತದೆ. 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುವ ಹೆಪಾ ಫಿಲ್ಟರ್ ಇರುವ, ಗಾಳಿ ಸೋರದಂತೆ ಮುಚ್ಚಿದ ಯಂತ್ರವಾದರೆ ಕಪಾಟಿನ ಸಂದುಗಳಿಗೆ ಬಳಸಬಹುದು. ಆದರೆ ಅದರ ಚೀಲವನ್ನು ಮನೆಯೊಳಗೆ ಬಿಚ್ಚಬಾರದು. ನನ್ನ ಅಭಿಪ್ರಾಯದಲ್ಲಿ ಸಣ್ಣ ಕೋಣೆಗೆ ಅದು ಅನಿವಾರ್ಯವಲ್ಲ. ಸ್ಪಂಜು ಮತ್ತು ಎರಡು ಬಕೆಟ್ಟುಗಳು ಮಾಡುವ ಕೆಲಸವನ್ನು ಅದು ಹೆಚ್ಚಿನ ಖರ್ಚಿನಲ್ಲಿ ಮಾಡುತ್ತದೆ, ಅಷ್ಟೆ.

ಸ್ವಚ್ಛತೆ ಸರಿಯಾಗಿದೆಯೇ ಎಂದು ನೋಡಲು ಸುಲಭದ ಪರೀಕ್ಷೆಯೊಂದಿದೆ. ರಾತ್ರಿ ಕೋಣೆಯ ದೀಪ ಆರಿಸಿ, ಪ್ರಖರವಾದ ಟಾರ್ಚ್ ಒಂದನ್ನು ಮೇಜಿನ ಮೇಲಿಟ್ಟು, ಬೆಳಕು ನಿಮ್ಮ ಕಡೆಗೆ ಓರೆಯಾಗಿ ಬರುವಂತೆ ಹಿಡಿಸಿ, ಬಲ್ಬು ನೇರವಾಗಿ ಕಣ್ಣಿಗೆ ಬೀಳದಂತೆ ಒಂದು ರಟ್ಟನ್ನು ಅಡ್ಡ ಇಡಿ. ಈಗ ಆ ಬೆಳಕಿನ ದಾರಿಯಲ್ಲಿ ಏಪ್ರನ್ ಒಂದನ್ನು ಮೆಲ್ಲಗೆ ತಟ್ಟಿ, ಅಥವಾ ಕಪಾಟಿನ ಮೇಲಿನ ಹಲಗೆಯನ್ನು ಅಲುಗಿಸಿ. ಹಗಲಿನಲ್ಲಿ ಏನೂ ಕಾಣದಿದ್ದ ಕಡೆ ಹೊಗೆಯಂಥ ಮೋಡ ಎದ್ದು ನಿಂತರೆ, ಒರೆಸಬೇಕಾದ ಜಾಗ ಯಾವುದು ಎಂದು ತಿಳಿಯಿತು. ಈ ಪರೀಕ್ಷೆ ಮಾಡುವಾಗ ಮಾಸ್ಕ್ ಹಾಕಿರಬೇಕು. ಕಾರ್ಖಾನೆಗಳ ತಪಾಸಣೆಯಲ್ಲೂ ದೂಳನ್ನು ಹೀಗೆ ಬೆಳಕಿಗೆ ಎದುರಾಗಿ ನೋಡುವ ರೂಢಿಯಿದೆ.

ಮೇಜು, ಏಪ್ರನ್, ಚಪ್ಪಲಿ

ಮಣ್ಣು ನಾದುವ ಹಲಗೆಗೆ ಕ್ಯಾನ್ವಾಸ್ ಬಟ್ಟೆ ಬಿಗಿಯುವ ಪದ್ಧತಿ ಎಲ್ಲೆಡೆ ಇದೆ. ಮಣ್ಣು ಅಂಟುವುದಿಲ್ಲ ಎಂಬುದು ಅದರ ಅನುಕೂಲ. ಆದರೆ ನೂಲಿನ ಎಳೆಗಳ ನಡುವೆ ಮಣ್ಣು ತುಂಬಿಕೊಂಡು, ಮುಂದಿನ ಬಾರಿ ಮುದ್ದೆಯನ್ನು ಬಡಿದಾಗ ಪ್ರತಿ ಏಟಿಗೂ ದೂಳು ಮುಖಕ್ಕೆ ಚಿಮ್ಮುತ್ತದೆ. ಪ್ಲಾಸ್ಟರ್ ಹಲಗೆ ಅಥವಾ ಒರೆಸಬಹುದಾದ ಸಿಮೆಂಟ್ ಫೈಬರ್ ಬೋರ್ಡ್ ಇದಕ್ಕಿಂತ ಉತ್ತಮ. ಇಲ್ಲೊಂದು ಎಚ್ಚರಿಕೆ: ಹಳೆಯ ಶೀಟ್ ಮನೆಯ ಛಾವಣಿಯಿಂದ ತೆಗೆದ ಸಿಮೆಂಟ್ ಶೀಟಿನ ತುಂಡನ್ನು ಈ ಕೆಲಸಕ್ಕೆ ಬಳಸಲೇಬಾರದು, ಏಕೆಂದರೆ ನಮ್ಮಲ್ಲಿ ಅಂಥ ಶೀಟುಗಳನ್ನು ಕಲ್ನಾರು (ಆಸ್ಬೆಸ್ಟಾಸ್) ಬೆರೆಸಿಯೇ ಮಾಡುತ್ತಾ ಬಂದಿದ್ದಾರೆ. ಸಿಲಿಕಾವನ್ನು ತಪ್ಪಿಸಲು ಹೋಗಿ ಕಲ್ನಾರಿನ ಎಳೆಗಳನ್ನು ಮನೆಗೆ ತಂದಂತಾದೀತು. ಹೊಸ ಬೋರ್ಡ್ ಕೊಳ್ಳುವಾಗ ಕಲ್ನಾರು ಇಲ್ಲವೆಂದು ಅದರ ಮೇಲೆ ಮುದ್ರಿಸಿರುವುದನ್ನು ನೋಡಿಕೊಳ್ಳಬೇಕು.

ಹತ್ತಿಯ ಏಪ್ರನ್ ಬದಲು ಒದ್ದೆ ಸ್ಪಂಜಿನಿಂದ ಒರೆಸಬಹುದಾದ ಪ್ಲಾಸ್ಟಿಕ್ ಅಥವಾ ನೈಲಾನ್ ಏಪ್ರನ್ ಧರಿಸುವುದು ಮೇಲು. ಬಟ್ಟೆಯದೇ ಬೇಕೆಂದರೆ ಪ್ರತಿ ಬಾರಿಯೂ ಒಗೆಯಬೇಕು, ಕೊಡವದೆ ನೇರವಾಗಿ ನೀರಿಗೆ ಹಾಕಬೇಕು, ಮನೆಯವರ ಬಟ್ಟೆಯ ಜೊತೆ ಸೇರಿಸಬಾರದು. ಚಪ್ಪಲಿಯನ್ನು ಹೊಸಿಲ ಹೊರಗೆ ಬಿಡುವ ನಮ್ಮ ರೂಢಿ ಇಲ್ಲಿ ತಿರುವುಮುರುವಾಗಿ ಉಪಯೋಗಕ್ಕೆ ಬರುತ್ತದೆ: ಕೋಣೆಗೆಂದೇ ಒಂದು ಜೊತೆ ರಬ್ಬರ್ ಚಪ್ಪಲಿ ಇಟ್ಟು, ಅದು ಬಾಗಿಲಿನಿಂದ ಆಚೆಗೆ ದಾಟದಂತೆ ನೋಡಿಕೊಳ್ಳಬೇಕು, ಬಾಗಿಲಿನ ಒಳಗೆ ಒದ್ದೆ ಬಟ್ಟೆಯೊಂದನ್ನು ಹಾಸಬೇಕು.

ಒಣ ಪುಡಿಗಳು

ಮನೆಯ ಕುಂಬಾರರಿಗೆ ನನ್ನ ಮೊದಲ ಸಲಹೆ, ಒಣ ಮಣ್ಣನ್ನು ಕೊಳ್ಳುವುದೇ ಬೇಡ ಎಂಬುದು. ಹದಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಹಸಿ ಮಣ್ಣು ಸ್ವಲ್ಪ ದುಬಾರಿಯಾದರೂ, ಬಾಲ್ ಕ್ಲೇ, ಚೀನಾ ಕ್ಲೇ, ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್ ಚೀಲಗಳನ್ನು ಮನೆಯೊಳಗೆ ಬಿಚ್ಚಿ ಬೆರೆಸುವ ಪ್ರಮೇಯವೇ ಇರುವುದಿಲ್ಲ. ಮಣ್ಣು ಬೆರೆಸುವುದು ದೊಡ್ಡ ಕಾರ್ಯಾಗಾರದ ಕೆಲಸ.

ಗ್ಲೇಜ್ ಮಾತ್ರ ಹಲವರು ಮನೆಯಲ್ಲೇ ತೂಗಿ ಬೆರೆಸುತ್ತಾರೆ. ಆಗ ಅನುಸರಿಸಬೇಕಾದ ಕ್ರಮ ಹೀಗಿದೆ. ಫ್ಯಾನ್ ಆರಿಸಿ, ಮಾಸ್ಕ್ ಹಾಕಿಕೊಳ್ಳಬೇಕು, ಬೇರೆ ಯಾರೂ ಕೋಣೆಯಲ್ಲಿ ಇರಬಾರದು. ಬಕೆಟ್ಟಿಗೆ ಮೊದಲು ನೀರು ಹಾಕಿ, ಅನಂತರ ಪುಡಿಯನ್ನು ಸೇರಿಸಬೇಕು. ಪುಡಿಯ ಮೇಲೆ ನೀರು ಸುರಿದರೆ ಬಕೆಟ್ಟಿನೊಳಗಿನ ಗಾಳಿ ದೂಳನ್ನು ಹೊತ್ತು ಮೇಲೇಳುತ್ತದೆ. ಚೀಲವನ್ನು ಎತ್ತಿ ಬೋರಲು ಹಾಕದೆ, ಸೌಟಿನಿಂದ ತೆಗೆದು, ಸೌಟನ್ನು ನೀರಿನ ಮೇಲ್ಮೈಗೆ ತಾಗುವಷ್ಟು ಹತ್ತಿರ ಒಯ್ದು ಜಾರಿಸಬೇಕು. ತಾನಾಗಿ ನೆನೆಯಲು ಬಿಡಬೇಕು, ಕೂಡಲೇ ಕಲಕಬಾರದು. ಜರಡಿ ಹಿಡಿಯುವುದು ಯಾವಾಗಲೂ ನೀರಿನಲ್ಲಿ ಕಲಸಿದ ಮೇಲೆಯೇ. ತಕ್ಕಡಿಯ ಮೇಲೆ, ಮೇಜಿನ ಮೇಲೆ ಉದುರಿದ್ದನ್ನು ಬಾಯಿಂದ ಊದುವ ಅಭ್ಯಾಸ ಇದ್ದರೆ ಅಂದೇ ಬಿಡಬೇಕು.

ಗ್ಲೇಜ್ ಪುಡಿಗಳಲ್ಲಿ ಸಿಲಿಕಾ ಒಂದೇ ಅಲ್ಲ. ಬೇರಿಯಂ ಕಾರ್ಬೊನೇಟನ್ನು ಇಲಿ ಪಾಷಾಣವಾಗಿ ಬಳಸಿದ್ದುಂಟು. ಮ್ಯಾಂಗನೀಸ್ ಡೈಆಕ್ಸೈಡಿನ ದೂಳು ನರಮಂಡಲಕ್ಕೆ ಹಾನಿಕರ. ಕೋಬಾಲ್ಟ್, ಕ್ರೋಮಿಯಂ, ತಾಮ್ರದ ಸಂಯುಕ್ತಗಳೂ ಉಸಿರಿಗೆ ಸೇರಬಾರದವು. ಸೀಸದ ಸಂಯುಕ್ತಗಳು ಮನೆಯ ಹೊಸಿಲು ದಾಟುವುದೇ ಬೇಡ. ಇವನ್ನೆಲ್ಲ ಬಿಗಿ ಮುಚ್ಚಳದ ಡಬ್ಬಿಗಳಲ್ಲಿ, ಹೆಸರನ್ನೂ "ವಿಷ" ಎಂಬ ಮಾತನ್ನೂ ದಪ್ಪಕ್ಷರದಲ್ಲಿ ಬರೆದು, ಮಕ್ಕಳ ಕೈಗೆಟುಕದಂತೆ ಇಡಬೇಕು. ಹಾರ್ಲಿಕ್ಸ್ ಬಾಟಲಿಯಲ್ಲೋ ತಿಂಡಿಯ ಡಬ್ಬದಲ್ಲೋ ತುಂಬಿಡುವುದು ಅನಾಹುತಕ್ಕೆ ದಾರಿ. ಗ್ಲೇಜನ್ನು ಸ್ಪ್ರೇ ಮಾಡುವುದಕ್ಕೆ ಹೊರಗೆ ಗಾಳಿ ಎಳೆಯುವ ಬೂತ್ ಬೇಕು. ಅದಿಲ್ಲದ ಮನೆಯಲ್ಲಿ ಅದ್ದುವುದು ಅಥವಾ ಬ್ರಷ್ಷಿನಿಂದ ಹಚ್ಚುವುದೇ ತಕ್ಕದ್ದು.

ಒಣಗಿದ ಮಡಕೆಗೆ ಮರಳು ಕಾಗದ ಹಾಕಿ ಉಜ್ಜುವುದರಷ್ಟು ಹತ್ತಿರದಿಂದ ದೂಳು ಮೂಗಿಗೆ ಬರುವ ಕೆಲಸ ಇನ್ನೊಂದಿಲ್ಲ; ಅದನ್ನು ಕೈಬಿಡಬೇಕು. ಅಂಚು, ಕೂಡುಗೆರೆಗಳನ್ನು ಮಡಕೆ ಅರೆ ಒಣಗಿದ ಹದದಲ್ಲಿರುವಾಗಲೇ ತಿದ್ದಬೇಕು. ಪೂರ್ತಿ ಒಣಗಿದ ಮೇಲೂ ತಿದ್ದುವುದಿದ್ದರೆ ಹಿಂಡಿದ ಸ್ಪಂಜಿನಿಂದ ಸವರಬೇಕು. ಸುಟ್ಟ ಮಡಕೆಯ ತಳವನ್ನು ಉಜ್ಜುವಾಗ ನೀರಿನಲ್ಲಿ ಬಳಸುವ ಕಪ್ಪು ಎಮರಿ ಕಾಗದವನ್ನು ಬಳಸಿ, ಬೋಗುಣಿಯ ನೀರೊಳಗೇ ಉಜ್ಜಬೇಕು.

ಚೂರುಗಳನ್ನು ಮತ್ತೆ ಮಣ್ಣಾಗಿಸುವಲ್ಲಿ ಒಂದು ತೊಡಕಿದೆ. ಅರೆ ಒಣಗಿದ ಮಣ್ಣು ನೀರಿನಲ್ಲಿ ಬೇಗ ಕರಗುವುದಿಲ್ಲ. ಪೂರ್ತಿ ಒಣಗಿದ್ದು ನೀರಿಗೆ ಬಿದ್ದ ಕೂಡಲೇ ತಾನೇ ಬಿರಿದು ಕರಗುತ್ತದೆ. ಹಾಗಾಗಿ ಒಣಗಿಸುವುದು ಅನಿವಾರ್ಯ. ಆದರೆ ಒಣಗಿದ್ದನ್ನು ಸುತ್ತಿಗೆಯಿಂದ ಕುಟ್ಟುವುದು ಅನಿವಾರ್ಯವಲ್ಲ. ಚೂರುಗಳನ್ನು ಒಂದು ಅಗಲ ಟಬ್ಬಿನಲ್ಲಿ, ಯಾರೂ ಓಡಾಡದ ಮೂಲೆಯಲ್ಲಿ, ಕದಲಿಸದೆ ಒಣಗಲು ಬಿಟ್ಟು, ಅದೇ ಟಬ್ಬಿಗೆ ಬದಿಯಿಂದ ನೀರನ್ನು ನಿಧಾನವಾಗಿ ಹರಿಸಿದರೆ ಕೆಲಸ ತಾನಾಗಿ ಆಗುತ್ತದೆ.

ಕೆಸರು ನೀರನ್ನು ಬಚ್ಚಲಿಗೆ ಚೆಲ್ಲಿದರೆ ಪೈಪು ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ಒಂದೆರಡು ದಿನ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಬಸಿದು ಮತ್ತೆ ಒರೆಸಲು ಬಳಸಬಹುದು. ಈ ಬಕೆಟ್ಟುಗಳಿಗೆ ಮುಚ್ಚಳ ಇರಲಿ; ಇಲ್ಲವಾದರೆ ದೂಳು ತಪ್ಪಿಸಲು ಹೋಗಿ ಡೆಂಗಿ ಸೊಳ್ಳೆ ಸಾಕಿದಂತಾಗುತ್ತದೆ.

ಮಡಕೆ ಸುಡುವ ಕುಲುಮೆಯಾದ ಕಿಲ್ನ್ ಬಗ್ಗೆ ಎರಡು ಮಾತು. ಗ್ಲೇಜ್ ಅಂಟಿಕೊಳ್ಳದಿರಲೆಂದು ಅದರ ಹಲಗೆಗಳ ಮೇಲೆ ಬಳಿದ ಕಿಲ್ನ್ ವಾಶ್ ಎಂಬ ಲೇಪವನ್ನು ಕೆರೆಯುವ ಕೆಲಸ ಮನೆಯ ಹೊರಗೆ, ಒದ್ದೆ ಮಾಡಿಕೊಂಡು, ಮಾಸ್ಕ್ ಹಾಕಿ ಆಗಬೇಕು. ಮಡಕೆಯನ್ನು ಕೆಂಪಗೆ ಕಾದಿರುವಾಗಲೇ ಹೊರತೆಗೆಯುವ ರಾಕು ವಿಧಾನದ ಕಿಲ್ನ್‌ಗಳಿಗೆ ಸುತ್ತುವ ಬಿಳಿಯ ಸಿರಾಮಿಕ್ ಫೈಬರ್ ಹೊದಿಕೆ ಹಲವು ಬಾರಿ ಕಾದ ಮೇಲೆ ಗರಿಗರಿಯಾಗಿ ಉದುರುತ್ತದೆ, ಮತ್ತು ಹೆಚ್ಚಿನ ಶಾಖದಲ್ಲಿ ಅದರ ಒಂದಂಶ ಕ್ರಿಸ್ಟೊಬಲೈಟ್ ಎಂಬ ಸ್ಫಟಿಕ ಸಿಲಿಕಾ ಆಗಿರುತ್ತದೆ. ಅದನ್ನು ಬರಿಗೈಯಲ್ಲಿ, ಬರಿಮೂಗಿನಲ್ಲಿ ಕೀಳಬಾರದು.

ಗಾಳಿ ಮತ್ತು ಮಾಸ್ಕ್

ನಮ್ಮ ಮನೆಗಳ ಸೀಲಿಂಗ್ ಫ್ಯಾನ್ ಕುಂಬಾರಿಕೆ ಕೋಣೆಗೆ ಹೊಂದುವುದಿಲ್ಲ. ನೆಲದ ಪುಡಿಯನ್ನು ಅದು ಎಬ್ಬಿಸುತ್ತದೆ, ತೇಲುವುದನ್ನು ಕೆಳಗಿಳಿಯಲು ಬಿಡುವುದಿಲ್ಲ. ಸೆಕೆ ತಡೆಯಲಾಗದಿದ್ದರೆ, ನೆಲ ಒರೆಸಿ ಸ್ವಚ್ಛವಾಗಿರುವಾಗ, ಹಸಿ ಮಣ್ಣಿನ ಕೆಲಸ ಮಾತ್ರ ನಡೆಯುವಾಗ ನಿಧಾನದ ವೇಗದಲ್ಲಿ ಹಾಕಿಕೊಳ್ಳಬಹುದು. ಕಿಟಕಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಗಾಳಿ ಮನೆಯ ಕಡೆಯಿಂದ ಕೋಣೆಗೆ ಬಂದು ಹೊರಗೆ ಹೋಗುವಂತೆ ಮಾಡುವುದು ಒಳ್ಳೆಯದು. ಆಗ ಕೋಣೆಯ ದೂಳು ಹಜಾರಕ್ಕೆ ನುಗ್ಗುವುದಿಲ್ಲ. ಆ ಫ್ಯಾನ್ ಪಕ್ಕದ ಮನೆಯ ಬಾಲ್ಕನಿಗೆ ಊದದಂತೆ ನೋಡಿಕೊಳ್ಳುವುದು ನೆರೆಹೊರೆಯ ಧರ್ಮ. ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಅಳಿದುಳಿದ ಕಣಗಳನ್ನು ಹಿಡಿಯಬಲ್ಲದು, ಒರೆಸುವ ಕೆಲಸವನ್ನು ಅದು ತಪ್ಪಿಸುವುದಿಲ್ಲ.

ಮಾಸ್ಕ್ ಕೊನೆಯ ಆಸರೆ. ಪುಡಿ ತೂಗುವಾಗ, ಕಿಲ್ನ್ ಹಲಗೆ ಕೆರೆಯುವಾಗ, ಬಹಳ ದಿನ ಬಿಟ್ಟಿದ್ದ ಕೋಣೆಯನ್ನು ಸ್ವಚ್ಛಗೊಳಿಸುವಾಗ ಅದು ಬೇಕು. ಕೊರೊನಾ ಕಾಲದಲ್ಲಿ ಉಳಿದ ಬಟ್ಟೆಯ ಮಾಸ್ಕ್ ಮತ್ತು ಸರ್ಜಿಕಲ್ ಮಾಸ್ಕ್‌ಗಳು ಇದಕ್ಕೆ ಆಗುವುದಿಲ್ಲ, ಅವುಗಳ ಅಂಚಿನಿಂದ ಗಾಳಿ ನುಸುಳುತ್ತದೆ. ಎನ್95, ಅಥವಾ ಭಾರತೀಯ ಮಾನಕ ಐಎಸ್ 9473ರ ಗುರುತಿರುವ ಎಫ್‌ಎಫ್‌ಪಿ2, ಇಲ್ಲವೇ ಪಿ100 ಫಿಲ್ಟರ್ ಹಾಕಿದ ರಬ್ಬರಿನ ಅರ್ಧಮುಖದ ಮಾಸ್ಕ್ ಬೇಕು. ಹಾಕಿಕೊಂಡ ಮೇಲೆ ಎರಡೂ ಕೈಯಿಂದ ಮುಚ್ಚಿ ಜೋರಾಗಿ ಉಸಿರು ಬಿಟ್ಟಾಗ ಮೂಗಿನ ಬದಿಯಿಂದ ಗಾಳಿ ಕಣ್ಣಿಗೆ ತಾಗಿದರೆ ಅದು ಸರಿಯಾಗಿ ಕೂತಿಲ್ಲ. ಗಡ್ಡ ಬಿಟ್ಟವರಿಗೆ ಯಾವ ಬಿಗಿ ಮಾಸ್ಕೂ ಸರಿಯಾಗಿ ಕೂರುವುದಿಲ್ಲ. ಕೆಲಸ ಮುಗಿದ ಕೂಡಲೇ ಮಾಸ್ಕ್ ತೆಗೆಯುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಗಾಳಿಯಲ್ಲಿ ದೂಳು ಇನ್ನೂ ಇರುವಾಗ ತೆಗೆದರೆ ಹಾಕಿಕೊಂಡೂ ಹೆಚ್ಚು ಪ್ರಯೋಜನವಿಲ್ಲ. ಹೊರಗೆ ಹೋದ ಮೇಲೆ ತೆಗೆಯಬೇಕು.

ಮನೆಯ ಉಳಿದವರು

ಮನೆಗೆಲಸಕ್ಕೆ ಬರುವವರಿಗೆ ಈ ಕೋಣೆಯನ್ನು ಗುಡಿಸಲು ಹೇಳಬಾರದು. ನಾವು ವಾರಕ್ಕೆ ಕೆಲವು ತಾಸು ಹಸಿ ಮಣ್ಣಿನೊಡನೆ ಆಡಿ ಎದ್ದುಹೋಗುತ್ತೇವೆ. ಒಣಗಿದ ದೂಳಿನ ನಡುವೆ ಬಗ್ಗಿ ಪೊರಕೆ ಹಿಡಿಯುವವರು ಅವರು, ಮಾಸ್ಕ್ ಇಲ್ಲದೆ, ದೂಳಿನಲ್ಲಿ ಏನಿದೆ ಎಂದು ತಿಳಿಯದೆ. ಕಾರ್ಖಾನೆಗಳಲ್ಲಿ ಸಿಲಿಕೋಸಿಸ್ ಕಾಣಿಸಿದರೆ ಕಾನೂನಿನ ಪ್ರಕಾರ ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು; ಮನೆಯೊಳಗೆ ಆ ಕಾನೂನಿನ ಇನ್‌ಸ್ಪೆಕ್ಟರ್ ಬರುವುದಿಲ್ಲವಾದ್ದರಿಂದ ಈ ಹೊಣೆ ಮಣ್ಣು ತಂದವರದೇ. ಕೋಣೆಯ ಸ್ವಚ್ಛತೆಯನ್ನು ಅಲ್ಲಿ ಕೆಲಸ ಮಾಡುವವರೇ ಮಾಡಿಕೊಳ್ಳಬೇಕು. ಕೋಣೆಯೊಳಗೆ ಕಾಫಿ, ತಿಂಡಿ ಬೇಡ. ಚಿಕ್ಕ ಮಕ್ಕಳು ಮಣ್ಣಿನಲ್ಲಿ ಆಡುವುದಿದ್ದರೆ ಹಸಿ ಮಣ್ಣನ್ನು ಮಾತ್ರ ಕೊಟ್ಟು, ಪುಡಿ ತೂಗುವ ದಿನ ಅವರನ್ನು ಒಳಗೆ ಬಿಡಬಾರದು.

ವರ್ಷಗಟ್ಟಲೆ ಈ ಕೆಲಸದಲ್ಲಿರುವವರು ಒಣಕೆಮ್ಮು ಬಿಡದಿದ್ದರೆ, ಮೆಟ್ಟಿಲು ಹತ್ತುವಾಗ ಹಿಂದಿಗಿಂತ ಹೆಚ್ಚು ಏದುಸಿರು ಬಂದರೆ, ಶ್ವಾಸಕೋಶ ತಜ್ಞರನ್ನು ಕಾಣಬೇಕು. ಧೂಮಪಾನ ಮಾಡುವವರು ಇನ್ನೂ ಬೇಗ ಹೋಗಬೇಕು. ಎದೆಯ ಎಕ್ಸ್‌ರೇಯಲ್ಲಿ ಸಿಲಿಕೋಸಿಸ್‌ನ ಕಲೆಗಳನ್ನು ಕ್ಷಯವೆಂದು ಭಾವಿಸುವುದು ನಮ್ಮಲ್ಲಿ ಅಪರೂಪವಲ್ಲ. ಆಫೀಸಿನ ಕೆಲಸದವರು ಎಂದಷ್ಟೇ ಹೇಳಿಕೊಂಡರೆ ವೈದ್ಯರಿಗೆ ಸಿಲಿಕೋಸಿಸ್‌ನ ಅನುಮಾನ ಬರಲು ಕಾರಣವೇ ಇರುವುದಿಲ್ಲ. ಎಷ್ಟು ವರ್ಷದಿಂದ ಮಣ್ಣು ಮತ್ತು ಗ್ಲೇಜ್ ಪುಡಿಗಳೊಡನೆ ಕೆಲಸ ಮಾಡುತ್ತಿದ್ದೀರಿ, ಅವುಗಳಲ್ಲಿ ಕ್ವಾರ್ಟ್ಜ್ ಇದೆಯೇ, ಒಣ ಉಜ್ಜುವಿಕೆ ಇತ್ತೇ ಎಂಬುದನ್ನು ಕೇಳದಿದ್ದರೂ ತಿಳಿಸಿ, ಎಕ್ಸ್‌ರೇಯ ಜೊತೆಗೆ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆ ಬೇಕೇ ಎಂದು ವಿಚಾರಿಸಬೇಕು.